ವ್ಯಾಯಾಮದ ನಡುವೆ ತಲೆಸುತ್ತು, ಎದೆಬಡಿತ ಮಾತ್ರ ಕಡಿಮೆ: ಎಲ್ಲಿಂದ ಹುಡುಕಬೇಕು?

ಮೈ ದುಡಿಯುವಾಗ ಗುಂಡಿಗೆ ಜೋರಾಗಿ ಬಡಿಯಲೇಬೇಕು. ಹಾಗಾಗಿ ಓಡುತ್ತಿರುವಾಗ ವಾಚು 70 ಎಂದು ತೋರಿಸಿ, ಅದೇ ಹೊತ್ತಿಗೆ ತಲೆಯೂ ಸುತ್ತಿದರೆ ಗಾಬರಿಯಾಗುವುದು ಸಹಜ. ಕಾರಣ ಸಡಿಲವಾದ ಪಟ್ಟಿಯೂ ಆಗಿರಬಹುದು, ಬೆಳಿಗ್ಗೆ ನುಂಗಿದ ಬಿಪಿ ಮಾತ್ರೆಯೂ ಆಗಿರಬಹುದು, ಹೃದಯದ ಒಳಗಿನ ವಿದ್ಯುತ್ ದಾರಿಯ ತೊಡಕೂ ಆಗಿರಬಹುದು. ಇವನ್ನು ಬೇರ್ಪಡಿಸಲು ಒಂದು ಅಂಕಿ ಸಾಲದು. ತಲೆಸುತ್ತು ಯಾವಾಗ ಬಂತು, ಆಗ ಬಡಿತ ಏರುತ್ತಿತ್ತೋ, ನಿಂತಲ್ಲೇ ನಿಂತಿತ್ತೋ, ಕುಸಿಯಿತೋ ಎಂಬುದೇ ಮುಖ್ಯ ಸುಳಿವು.

ಈಗಲೇ ತಲೆ ಸುತ್ತುತ್ತಿದ್ದರೆ

ವ್ಯಾಯಾಮ ನಿಲ್ಲಿಸಿ. ಟ್ರೆಡ್‌ಮಿಲ್ ಮೇಲಿದ್ದರೆ ಕಂಬಿ ಹಿಡಿದುಕೊಂಡೇ ವೇಗ ಇಳಿಸಿ ಕೆಳಗಿಳಿಯಿರಿ. ಈಜುತ್ತಿದ್ದರೆ ಮೊದಲು ನೀರಿನಿಂದ ಹೊರಗೆ ಬನ್ನಿ. ಕಣ್ಣು ಕತ್ತಲಾಗುತ್ತಿದ್ದರೆ ಕೂರುವುದಕ್ಕಿಂತ ಮಲಗುವುದು ಮೇಲು. ಕಾಲುಗಳನ್ನು ಕುರ್ಚಿಯಷ್ಟು ಎತ್ತರಕ್ಕೆ ಇಟ್ಟುಕೊಳ್ಳಿ. ಎದೆನೋವು ಅಥವಾ ಉಸಿರಾಟದ ಕಷ್ಟ ಇದ್ದರೆ ಮಾತ್ರ ಚಪ್ಪಟೆಯಾಗಿ ಮಲಗಬೇಡಿ, ಬೆನ್ನಿಗೆ ಆಸರೆ ಕೊಟ್ಟು ಒರಗಿ ಕೂರಿ.

ಕೆಳಗಿನವುಗಳಲ್ಲಿ ಒಂದಿದ್ದರೂ ತುರ್ತು ಸಂಖ್ಯೆಗೆ ಕರೆ ಮಾಡಿ. ನೀವೇ ವಾಹನ ಓಡಿಸಿಕೊಂಡು ಹೋಗಬೇಡಿ.

- ವ್ಯಾಯಾಮ ನಡೆಯುತ್ತಿರುವಾಗಲೇ ಎಚ್ಚರ ತಪ್ಪಿತು, ಅದು ಕೆಲವೇ ಕ್ಷಣದ್ದಾದರೂ ಸರಿ
- ಎದೆ ಬಿಗಿತ, ಅಥವಾ ದವಡೆಗೆ, ತೋಳಿಗೆ, ಬೆನ್ನಿಗೆ ಹರಡುವ ನೋವು
- ವಿಶ್ರಾಂತಿಯಲ್ಲೂ ಇಳಿಯದ ಏದುಸಿರು, ತಣ್ಣಗಿನ ಬೆವರು
- ಮಾತು ತೊದಲುವುದು, ಮುಖ ವಾಲುವುದು, ಒಂದು ಬದಿಯ ಬಲಹೀನತೆ, ಗೊಂದಲ
- ಕೂತು ಐದು–ಹತ್ತು ನಿಮಿಷ ಕಳೆದರೂ ಬಡಿತ 40ಕ್ಕಿಂತ ಕಡಿಮೆ, ತಲೆಸುತ್ತೂ ಇಳಿದಿಲ್ಲ

ಕುಸಿದುಬಿದ್ದವರು ಸ್ಪಂದಿಸದೆ, ಸರಿಯಾಗಿ ಉಸಿರಾಡದೆ ಇದ್ದರೆ ನಾಡಿ ಹುಡುಕುತ್ತಾ ಹೊತ್ತು ಕಳೆಯಬಾರದು. ತುರ್ತು ಸಹಾಯಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5–6 ಸೆಂ.ಮೀ. ಆಳಕ್ಕೆ ಒತ್ತಲು ಶುರುಮಾಡಿ. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಯಂತ್ರ ಹತ್ತಿರದಲ್ಲಿದ್ದರೆ ತರಿಸಿ.

ವಾಚಿನಲ್ಲಿ ಅಂಕಿ ಕಡಿಮೆ, ಮೈಗೆ ಏನೂ ಆಗಿಲ್ಲ

ಮೊದಲು ಯಂತ್ರವನ್ನು ಅನುಮಾನಿಸಿ. ಖರ್ಚಿಲ್ಲದ ಪರೀಕ್ಷೆ ಇದೇ, ಹೆಚ್ಚು ಸಲ ತಪ್ಪು ಸಿಗುವುದೂ ಇಲ್ಲೇ.

ವಾಚು ಹಸಿರು ಬೆಳಕನ್ನು ಚರ್ಮದೊಳಗೆ ಹಾಯಿಸಿ, ರಕ್ತ ಹರಿದಂತೆ ಆ ಬೆಳಕು ಹೇಗೆ ಬದಲಾಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲವಿದ್ದರೆ, ಚಳಿಗೆ ಚರ್ಮದ ರಕ್ತನಾಳ ಸಂಕುಚಿತವಾಗಿದ್ದರೆ, ಸಂವೇದಕದ ಕೆಳಗೆ ದಟ್ಟ ಹಚ್ಚೆ ಇದ್ದರೆ ಲೆಕ್ಕ ತಪ್ಪುತ್ತದೆ. ಸೈಕಲ್ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ, ಡಂಬೆಲ್ ಎತ್ತುವಾಗ ಮಣಿಕಟ್ಟು ಮಡಚಿಕೊಳ್ಳುವುದರಿಂದ ನಿಜವಾದ 140 ಬಡಿತ 90 ಎಂದು ಕಾಣುವುದೂ ಉಂಟು. ಓಟದಲ್ಲಿ ಇನ್ನೊಂದು ತಮಾಷೆ: ವಾಚು ಬಡಿತದ ಬದಲು ನಿಮ್ಮ ಹೆಜ್ಜೆಗಳನ್ನೇ ಎಣಿಸಲು ತೊಡಗುತ್ತದೆ.

ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ, ಕೈ ಬೀಸಿದರೂ ಜಾರದಷ್ಟು ಬಿಗಿ ಮಾಡಿ. ಸಂವೇದಕದ ಗಾಜು ಒರೆಸಿ. ಎದೆಪಟ್ಟಿ (ಎದೆಗೆ ಕಟ್ಟಿ ಬಡಿತ ಅಳೆಯುವ ಪಟ್ಟಿ) ಬಳಸುವವರು ವಿದ್ಯುದ್ವಾರದ ಜಾಗವನ್ನು ನೀರಿನಿಂದ ಒದ್ದೆ ಮಾಡಿಕೊಂಡೇ ಕಟ್ಟಬೇಕು. ಒಣ ಪಟ್ಟಿ ಮೊದಲ ಹತ್ತು ನಿಮಿಷ, ಅಂದರೆ ಬೆವರು ಬರುವವರೆಗೆ, ಮನಸ್ಸಿಗೆ ಬಂದ ಅಂಕಿ ತೋರಿಸುತ್ತದೆ. ಒದ್ದೆ ಮಾಡಿ ಕಟ್ಟಿದರೂ ಅಂಕಿ ಹೀಗೇ ಏರಿಳಿದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಬದಲಿಸಿ. ಬಹಳಷ್ಟು ಪಟ್ಟಿಗಳಲ್ಲಿ ಅದು ಸಿಆರ್ 2032.

ನಂತರ ಕೈಯಿಂದ ಎಣಿಸಿ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರದ್ದೇ ನಾಡಿ ಕೈಗೆ ಸಿಗುತ್ತದೆ. ವಿಶ್ರಾಂತಿಯಲ್ಲಾದರೆ ಪೂರ್ತಿ 60 ಸೆಕೆಂಡು ಎಣಿಸಿ. ವ್ಯಾಯಾಮ ನಿಲ್ಲಿಸಿದಾಗ ಅಷ್ಟು ಹೊತ್ತು ಕಾದರೆ ಬಡಿತ ಇಳಿದೇ ಹೋಗಿರುತ್ತದೆ. ನಿಲ್ಲಿಸಿದ ತಕ್ಷಣ 15 ಸೆಕೆಂಡು ಎಣಿಸಿ 4ರಿಂದ ಗುಣಿಸಿ. ಕತ್ತಿನ ಎರಡೂ ಬದಿ ಒಟ್ಟಿಗೆ ಒತ್ತಬೇಡಿ. ಅಲ್ಲಿ ಒತ್ತಿದರೆ ಬಡಿತ ತಾನೇ ಇಳಿದು ತಲೆಸುತ್ತು ಬರಬಹುದು, ಆಮೇಲೆ ರೋಗ ಯಾವುದು, ಪರೀಕ್ಷೆಯ ಫಲ ಯಾವುದು ಎಂದೇ ತಿಳಿಯುವುದಿಲ್ಲ.

ಎಣಿಸುವಾಗ ಲಯವನ್ನೂ ಗಮನಿಸಿ. ನಾಡಿ 50 ಸಿಕ್ಕಿ, ಎದೆಯ ಮೇಲೆ ಅಂಗೈ ಇಟ್ಟಾಗ ಬಡಿತ ಅದರ ಎರಡರಷ್ಟು ಅನಿಸಿದರೆ ಹೃದಯ ನಿಧಾನವಾಗಿಲ್ಲ. ಪ್ರತಿ ಸಹಜ ಬಡಿತದ ಹಿಂದೆಯೇ ಅವಧಿಗೆ ಮುಂಚಿನ ಒಂದು ಬಡಿತ ಬರುತ್ತಿದೆ. ಹೃದಯ ತುಂಬುವ ಮೊದಲೇ ಬಡಿದದ್ದರಿಂದ ಅದು ಮುಂಗೈವರೆಗೆ ಮುಟ್ಟುತ್ತಿಲ್ಲ. ಇಂಥವರಿಗೆ ವಾಚು ಅರ್ಧ ಅಂಕಿಯನ್ನೇ ತೋರಿಸುತ್ತದೆ. ಕೆಲವೊಮ್ಮೆ ಬಂದುಹೋಗುವ ಇಂಥ ಬಡಿತ ಬಹುತೇಕರಲ್ಲಿ ನಿರುಪದ್ರವಿ. ಆದರೆ ವ್ಯಾಯಾಮ ಹೆಚ್ಚಿದಂತೆ ಅವು ಹೆಚ್ಚಾದರೆ, ಜೊತೆಗೆ ತಲೆಸುತ್ತಿದ್ದರೆ ಇಸಿಜಿ ಬೇಕೇ ಬೇಕು.

ಕೂತಾಗ 48, ಓಡಿದಾಗ 150

ವಯಸ್ಕರ ವಿಶ್ರಾಂತಿ ಬಡಿತ 60ರಿಂದ 100 ಎಂಬುದು ಪುಸ್ತಕದ ಲೆಕ್ಕ. ವರ್ಷಗಟ್ಟಲೆ ಓಡಿದ, ಸೈಕಲ್ ತುಳಿದ ಮೈಗೆ 40ರ ಆಸುಪಾಸು ಸಾಮಾನ್ಯ. ನಿದ್ದೆಯಲ್ಲಿ ಅದಕ್ಕಿಂತಲೂ ಇಳಿಯುತ್ತದೆ. ದುಡಿಮೆ ಹೆಚ್ಚಿದಂತೆ ಬಡಿತ ಸಲೀಸಾಗಿ ಏರಿ, ನಿಲ್ಲಿಸಿದ ಮೇಲೆ ಇಳಿಯುತ್ತಿದ್ದರೆ ವಿಶ್ರಾಂತಿಯ ಸಣ್ಣ ಅಂಕಿಯ ಬೆನ್ನು ಹತ್ತಬೇಡಿ. ತಲೆಸುತ್ತಿದ್ದರೆ ಅದರ ಕಾರಣ ಬೇರೆ ಕಡೆ ಇರುವ ಸಂಭವವೇ ಹೆಚ್ಚು.

ತರಬೇತಿಯೇ ಇಲ್ಲದವರಿಗೆ ಈ ಸಮಾಧಾನ ಸಲ್ಲದು. ಕೆಲವು ತಿಂಗಳಲ್ಲಿ ಬಡಿತ 75ರಿಂದ 50ಕ್ಕೆ ಇಳಿದು, ಜೊತೆಗೆ ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ತೂಕ ಏರಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ತೀರಾ ಕಡಿಮೆ ತಿಂದು ತೂಕ ಇಳಿಸುತ್ತಿರುವವರಲ್ಲೂ ಮೈ ಉಳಿತಾಯಕ್ಕೆ ಇಳಿದು ಬಡಿತವನ್ನು ತಗ್ಗಿಸುತ್ತದೆ. ಇದನ್ನು ಒಳ್ಳೆಯ ಫಿಟ್ನೆಸ್ ಎಂದು ತಪ್ಪಾಗಿ ಓದಿಕೊಂಡು ಇನ್ನಷ್ಟು ಓಡುವವರಿದ್ದಾರೆ. ಮುಟ್ಟು ನಿಂತಿದ್ದರೆ ಅಥವಾ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದರೆ ಮೊದಲು ಊಟ ಸರಿಯಾಗಬೇಕು.

ನಿಲ್ಲಿಸಿದ ಒಂದೆರಡು ನಿಮಿಷದಲ್ಲಿ ತಲೆಸುತ್ತು

ವ್ಯಾಯಾಮದ ವೇಳೆ ಕಾಲಿನ ರಕ್ತನಾಳಗಳು ಅಗಲವಾಗಿ ತೆರೆದಿರುತ್ತವೆ. ಮೀನಖಂಡದ ಸ್ನಾಯುಗಳು ಪ್ರತಿ ಹೆಜ್ಜೆಗೂ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಗಕ್ಕನೆ ನಿಂತರೆ ಪಂಪು ನಿಂತಿತು, ನಾಳಗಳು ಮಾತ್ರ ತೆರೆದೇ ಇವೆ. ರಕ್ತ ಕಾಲಿನಲ್ಲಿ ಉಳಿದು ಬಿಪಿ ಕುಸಿಯುತ್ತದೆ. ಕೆಲವರಲ್ಲಿ ಇದರ ಹಿಂದೆಯೇ ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಪ್ರತಿಕ್ರಿಯೆ ಶುರುವಾಗಿ ಬಡಿತವೂ ಬಿದ್ದುಹೋಗುತ್ತದೆ. ಮೊದಲು ಮೈ ಬಿಸಿ, ಹೊಟ್ಟೆ ತೊಳಸಿದಂತೆ, ಬೆವರು, ಕಣ್ಣಂಚು ಮಸುಕು. ಆಮೇಲೆ ಕಣ್ಣು ಕತ್ತಲೆ. ಮಲಗಿದರೆ ಬೇಗ ಸರಿಹೋಗುತ್ತದೆ.

ಮದ್ದು ಸುಲಭ: ಕೊನೆಯ 5ರಿಂದ 10 ನಿಮಿಷ ನಡಿಗೆಯ ವೇಗಕ್ಕೆ ಇಳಿದು ಮುಗಿಸಿ. ನಿಂತೇ ಮಾತಿಗಿಳಿಯಬೇಡಿ, ತಕ್ಷಣ ಬಿಸಿನೀರಿನ ಸ್ನಾನಕ್ಕೂ ಹೋಗಬೇಡಿ. ಎರಡು ವಾರ ಹೀಗೆ ಮಾಡಿದರೂ ತೊಂದರೆ ಮುಂದುವರಿದರೆ ಮನೆಯ ಬಿಪಿ ಯಂತ್ರ ಹಿಡಿಯಿರಿ. ಐದು ನಿಮಿಷ ಮಲಗಿ ಒಮ್ಮೆ ನೋಡಿ. ಎದ್ದು ನಿಂತು 1ನೇ ಮತ್ತು 3ನೇ ನಿಮಿಷದಲ್ಲಿ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬಿಪಿ ಬೀಳುವ ತೊಂದರೆ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಮಾತ್ರೆ ಇವುಗಳ ಪಟ್ಟಿಯೊಂದಿಗೆ ವೈದ್ಯರನ್ನು ಕಾಣಿ.

ಭಾರ ಎತ್ತುವಾಗ ಮಾತ್ರ ತಲೆ ಸುತ್ತಿದರೆ ಉಸಿರು ಬಿಗಿಹಿಡಿಯುತ್ತಿದ್ದೀರಾ ನೋಡಿಕೊಳ್ಳಿ. ಎತ್ತುವಾಗ ಉಸಿರು ಬಿಡಿ. ತಲೆ ಹೊರಳಿಸಿದಾಗ ಕೋಣೆಯೇ ಗಿರಗಿರ ತಿರುಗಿದಂತಾದರೆ ಅದು ಹೆಚ್ಚಾಗಿ ಒಳಗಿವಿಯ ವಿಷಯ, ಬಡಿತದ್ದಲ್ಲ.

ಬೆವರಿಳಿದು ತಲೆ ಸುತ್ತುತ್ತಿದೆ, ನೀರೋ ಸಕ್ಕರೆಯೋ?

ಮೈಯಲ್ಲಿ ನೀರು ಕಡಿಮೆಯಾದರೆ, ಬಿಸಿಲಿನ ತಾಪ ತಟ್ಟಿದರೆ, ರಕ್ತಹೀನತೆ ಇದ್ದರೆ, ಸಕ್ಕರೆ ಇಳಿದರೆ ಬಡಿತ ಸಾಮಾನ್ಯವಾಗಿ ಏರುತ್ತದೆ. ಆದ್ದರಿಂದ 'ನೀರು ಕುಡಿದಿಲ್ಲ, ಅದಕ್ಕೇ' ಎಂಬ ವಿವರಣೆ ನಿಧಾನ ಬಡಿತಕ್ಕೆ ಹೊಂದುವುದಿಲ್ಲ. ಬಾಯಿ ಒಣಗಿದೆ, ಮೂತ್ರ ಕಡುಹಳದಿ, ಆದರೂ ಬಡಿತ 65 ಎಂದರೆ ಏನೋ ಅದನ್ನು ಹಿಡಿದಿಟ್ಟಿದೆ. ಹೆಚ್ಚಾಗಿ ಅದು ಔಷಧ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯ ಜೊತೆ ಬೀಟಾ ಬ್ಲಾಕರ್ (ಬಡಿತ, ಬಿಪಿ ತಗ್ಗಿಸುವ ಔಷಧ) ತೆಗೆದುಕೊಳ್ಳುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಸಕ್ಕರೆ ಇಳಿದಾಗ ಬರುವ ನಡುಕ, ಎದೆ ಹೊಡೆದುಕೊಳ್ಳುವಿಕೆ ಎರಡನ್ನೂ ಆ ಮಾತ್ರೆ ಮುಚ್ಚಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಗ್ಲುಕೋಮೀಟರ್‌ನಲ್ಲಿ 70 ಮಿ.ಗ್ರಾಂ/ಡೆ.ಲೀ.ಗಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ನೋಡಿ. ಪ್ರಜ್ಞೆ ಮಸುಕಾದವರ ಬಾಯಿಗೆ ಏನನ್ನೂ ಹಾಕಬೇಡಿ.

ಬರೀ ನೀರನ್ನು ಗಂಟೆಗಟ್ಟಲೆ ಕುಡಿಯುತ್ತಲೇ ಇರುವುದೂ ಅಪಾಯವೇ. ದೀರ್ಘ ಓಟದಲ್ಲಿ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಬರುತ್ತವೆ. ಗೊಂದಲ ಕಂಡರೆ ಮತ್ತಷ್ಟು ನೀರು ಕುಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಎಷ್ಟು ದುಡಿದರೂ ಬಡಿತ ಏರುತ್ತಿಲ್ಲ

ಏದುಸಿರು ಬಂದಿದೆ, ಕಾಲು ಸೋತಿದೆ, ತಲೆ ಹಗುರ ಅನಿಸುತ್ತಿದೆ, ಬಡಿತ ಮಾತ್ರ 95 ದಾಟುತ್ತಿಲ್ಲ. ಕೈಯೆಣಿಕೆಯೂ ಅದನ್ನೇ ಹೇಳುತ್ತಿದೆ. ಇಲ್ಲಿಂದ ವಿಷಯ ಗಂಭೀರ.

ಮೊದಲು ಔಷಧದ ಡಬ್ಬ ತೆರೆಯಿರಿ. ಬಡಿತ ತಗ್ಗಿಸುವವು: ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್, ಪ್ರೊಪ್ರನೊಲಾಲ್ ಮುಂತಾದ ಬೀಟಾ ಬ್ಲಾಕರ್‌ಗಳು; ಡಿಲ್ಟಿಯಾಜೆಮ್, ವೆರಾಪಮಿಲ್; ಡಿಗಾಕ್ಸಿನ್, ಅಮಿಯೊಡರೋನ್, ಇವಾಬ್ರಡಿನ್; ಕ್ಲೋನಿಡಿನ್; ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್; ಕೆಲವರಲ್ಲಿ ಲಿಥಿಯಂ. ಪ್ರೊಪ್ರನೊಲಾಲ್ ಅನ್ನು ಮೈಗ್ರೇನ್, ಕೈನಡುಕಕ್ಕೂ ಬರೆಯುವುದರಿಂದ 'ನನಗೆ ಹೃದಯದ ಮಾತ್ರೆ ಏನೂ ಇಲ್ಲ' ಎನ್ನುವವರ ಚೀಲದಲ್ಲೂ ಅದು ಸಿಗುತ್ತದೆ. ಎಲ್ಲರ ಕಣ್ತಪ್ಪಿಸುವುದು ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಹನಿ. ಹನಿ ಕಣ್ಣಿನಿಂದ ಮೂಗಿಗಿಳಿದು ಅಲ್ಲಿಂದ ನೇರ ರಕ್ತ ಸೇರುತ್ತದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಇದು ತಗ್ಗುತ್ತದೆ. ಬೀಟಾ ಬ್ಲಾಕರ್ ಜೊತೆ ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ಸೇರಿದ್ದರೆ, ಅದರಲ್ಲೂ ಇಬ್ಬರು ಬೇರೆ ಬೇರೆ ವೈದ್ಯರು ಬರೆದಿದ್ದರೆ, ಅಂದೇ ಫೋನ್ ಮಾಡಿ ಕೇಳಿ.

ಮಾತ್ರೆಯೇ ಕಾರಣ ಎಂದು ಖಚಿತವಾದರೂ ನೀವಾಗಿಯೇ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ಇದ್ದಕ್ಕಿದ್ದಂತೆ ಬಿಟ್ಟರೆ ಬಿಪಿ, ಬಡಿತ ಎರಡೂ ಪುಟಿದೆದ್ದು ಎದೆನೋವು, ಹೃದಯಾಘಾತದವರೆಗೆ ಹೋಗಬಹುದು. ಕ್ಲೋನಿಡಿನ್ ಬಿಟ್ಟಾಗಲೂ ಬಿಪಿ ಹೀಗೇ ಜಿಗಿಯುತ್ತದೆ. ನಿಮ್ಮ ಪಾಲಿನ ಕೆಲಸ ಬರೆದಿಡುವುದು: ಮಾತ್ರೆ ಎಷ್ಟು ಗಂಟೆಗೆ, ವ್ಯಾಯಾಮ ಎಷ್ಟು ಗಂಟೆಗೆ, ತಲೆಸುತ್ತು ಯಾವಾಗ. ಸಾಧಾರಣ ಮೆಟೊಪ್ರೊಲಾಲ್ ನುಂಗಿದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ತಲೆಸುತ್ತು ಸರಿಯಾಗಿ ಆ ಹೊತ್ತಿಗೇ ಬೀಳುತ್ತಿದ್ದರೆ ವೈದ್ಯರು ಹೊತ್ತನ್ನೋ ಪ್ರಮಾಣವನ್ನೋ ಬದಲಿಸಬಲ್ಲರು. ಈ ಮಾತ್ರೆ ತೆಗೆದುಕೊಳ್ಳುವವರು ವಾಚಿನ 'ವ್ಯಾಯಾಮ ವಲಯ'ಗಳನ್ನು ಮರೆತುಬಿಡುವುದೇ ಲೇಸು. ಪೂರ್ತಿ ವಾಕ್ಯ ಮಾತಾಡಬಹುದು, ಆದರೆ ಹಾಡಲಾಗದು ಎಂಬಷ್ಟು ಶ್ರಮ ಸಾಕು.

ಇಂಥ ಔಷಧ ಯಾವುದೂ ಇಲ್ಲವೆಂದರೆ ಹೃದಯದ ತಾಳ ಹಾಕುವ ಸೈನಸ್ ಗಂಟೇ ದಣಿದಿರಬಹುದು. ವೈದ್ಯರ ಲೆಕ್ಕ ಹೀಗಿರುತ್ತದೆ: 50 ವರ್ಷದವರಿಗೆ ಅಂದಾಜು ಗರಿಷ್ಠ ಬಡಿತ 220 ಕಳೆ 50, ಅಂದರೆ 170. ವಿಶ್ರಾಂತಿ ಬಡಿತ 60 ಇದ್ದರೆ ನಡುವಿನ ಮೀಸಲು 110. ಅದರ ಶೇ. 80 ಅಂದರೆ 88. ಪೂರ್ಣ ಶ್ರಮದಲ್ಲಿ ಬಡಿತ ಕನಿಷ್ಠ 148 ಮುಟ್ಟಬೇಕು. ಬೀಟಾ ಬ್ಲಾಕರ್ ಇದ್ದವರಿಗೆ ಶೇ. 62 ಸಾಕು, ಅಂದರೆ ಸುಮಾರು 128. 220ರ ಸೂತ್ರ ಒರಟು. ಆರೋಗ್ಯವಂತರಲ್ಲೇ 10–12 ಬಡಿತ ಅತ್ತಿತ್ತ ಆಗುತ್ತದೆ. ಹಾಗಾಗಿ 145 ಬಂತೆಂದು ಹೆದರಬೇಕಿಲ್ಲ, 100ರಲ್ಲೇ ನಿಂತರೆ ಕಡೆಗಣಿಸಲೂ ಬಾರದು. ಈ ಪೂರ್ಣ ಶ್ರಮದ ಪರೀಕ್ಷೆಯನ್ನು ಮನೆಯಲ್ಲಿ ಮಾಡಹೋಗಬೇಡಿ. ತಲೆಸುತ್ತು ಇರುವವರಿಗೆ ಅದು ಇಸಿಜಿ ಅಂಟಿಸಿಕೊಂಡು, ಪಕ್ಕದಲ್ಲಿ ವೈದ್ಯರನ್ನು ಇಟ್ಟುಕೊಂಡು ಮಾಡುವ ಕೆಲಸ.

ಮೂತ್ರಪಿಂಡದ ತೊಂದರೆ ಇರುವವರಲ್ಲಿ, ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆ ನುಂಗುವವರಲ್ಲಿ ರಕ್ತದ ಪೊಟ್ಯಾಸಿಯಂ ಹೆಚ್ಚಾಗಿಯೂ ಬಡಿತ ಕುಗ್ಗುತ್ತದೆ. ಸ್ನಾಯು ಬಲಹೀನತೆಯೂ ಜೊತೆಗಿದ್ದರೆ ಅಂದೇ ರಕ್ತಪರೀಕ್ಷೆ ಆಗಬೇಕು.

ಏರಿದ್ದ ಬಡಿತ ಗಕ್ಕನೆ ಅರ್ಧಕ್ಕೆ ಬಿತ್ತು

ಇದನ್ನು ಗ್ರಾಫಿನಲ್ಲಿ ನೋಡಬೇಕು. 90, 110, 130 ಎಂದು ಏರುತ್ತಿದ್ದ ಗೆರೆ ಒಂದೇ ಏಟಿಗೆ 65ಕ್ಕೆ ಇಳಿದು, ನಿಧಾನಿಸಿದ ಮೇಲೆ ಮತ್ತೆ ಮೇಲೆ ನೆಗೆದಿದೆ. ಆ ಕ್ಷಣಕ್ಕೇ ತಲೆ ಸುತ್ತಿದೆ. ಇಳಿಜಾರಲ್ಲ, ಮೆಟ್ಟಿಲು.

ಹೃದಯದ ಮೇಲಿನ ಕೋಣೆಗಳಿಂದ ಹೊರಟ ಸಂಕೇತ ಕೆಳಗಿನ ಕೋಣೆಗಳಿಗೆ ಇಳಿಯಲು ಒಂದೇ ತಂತುದಾರಿ. ಆ ದಾರಿ ಸವೆದಿದ್ದರೆ ನಿಧಾನಗತಿಯಲ್ಲಿ ಎಲ್ಲ ಸಂಕೇತವೂ ದಾಟುತ್ತದೆ. ವೇಗ ಹೆಚ್ಚಿದಾಗ ಎರಡಕ್ಕೊಂದು ಮಾತ್ರ ದಾಟುತ್ತದೆ. ದಾರಿಯ ಮೇಲ್ತುದಿಯ ಗಂಟಿನಲ್ಲಿ ತಡೆಯಿದ್ದರೆ ವ್ಯಾಯಾಮದಿಂದ ಸಾಮಾನ್ಯವಾಗಿ ಸುಧಾರಿಸುತ್ತದೆ, ತರಬೇತಿ ಪಡೆದವರ ನಿದ್ದೆಯಲ್ಲೂ ಕಾಣುತ್ತದೆ. ವ್ಯಾಯಾಮದಿಂದ ಹದಗೆಡುವ ತಡೆ ಬಹುಮಟ್ಟಿಗೆ ಅದಕ್ಕಿಂತ ಕೆಳಗಿನದು, ಮುಂದೊಂದು ದಿನ ಪೂರ್ತಿ ಮುಚ್ಚಿಕೊಳ್ಳಬಹುದಾದದ್ದು. ಎದೆಪಟ್ಟಿ ಜಾರಿದರೂ ಗ್ರಾಫ್ ಹೀಗೆ ಕುಸಿಯುತ್ತದೆ ನಿಜ, ಆದರೆ ಪಟ್ಟಿ ಜಾರಿದರೆ ತಲೆ ಸುತ್ತುವುದಿಲ್ಲ. ಎರಡೂ ಒಟ್ಟಿಗೆ ಒಮ್ಮೆ ಆಗಿದ್ದರೂ ಸಾಕು: ಇನ್ನೊಂದು ಸಲ ಓಡಿ ಖಚಿತಪಡಿಸಿಕೊಳ್ಳಲು ಹೋಗದೆ, ಆ ಗ್ರಾಫ್ ಹಿಡಿದು ಅಂದೇ ವೈದ್ಯರಲ್ಲಿಗೆ ಹೋಗಿ. ಮನೆಯಲ್ಲಿ ಮಾಡಬಹುದಾದ ತಪಾಸಣೆ ಇಲ್ಲಿಗೆ ಮುಗಿಯುತ್ತದೆ.

ಶ್ರಮದ ನಡುವೆಯೇ ಬರುವ ತಲೆಸುತ್ತಿಗೆ ಬಡಿತದ ಹೊರತಾದ ಕಾರಣಗಳೂ ಇವೆ: ಮಹಾಪಧಮನಿಯ ಕವಾಟ ಕಿರಿದಾಗಿರುವುದು, ಹೃದಯದ ಸ್ನಾಯು ದಪ್ಪವಾಗಿರುವುದು, ಹೃದಯಕ್ಕೆ ರಕ್ತ ಸಾಲದಿರುವುದು. ಮನೆತನದಲ್ಲಿ ಚಿಕ್ಕವಯಸ್ಸಿನವರು ಹಠಾತ್ತನೆ ತೀರಿಕೊಂಡ ಉದಾಹರಣೆ ಇದ್ದರೆ ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ.

ಪೇಸ್‌ಮೇಕರ್ ಇದೆ, ಆದರೂ ಸೈಕಲ್ ತುಳಿದರೆ ತಲೆಸುತ್ತು

ಬಹಳಷ್ಟು ಪೇಸ್‌ಮೇಕರ್‌ಗಳು ಎದೆಯ ಅಲುಗಾಟ ಗಮನಿಸಿ ಬಡಿತ ಏರಿಸುತ್ತವೆ. ನಡೆದರೆ ಎದೆ ಅಲುಗುತ್ತದೆ. ಸ್ಥಿರ ಸೈಕಲ್ ತುಳಿಯುವಾಗ ಕಾಲಷ್ಟೇ ಆಡುತ್ತದೆ, ಎದೆ ಕದಲುವುದಿಲ್ಲ. ಯಂತ್ರಕ್ಕೆ ನೀವು ಕೂತು ವಿಶ್ರಮಿಸುತ್ತಿರುವಂತೆಯೇ ಲೆಕ್ಕ. ನಡಿಗೆಯಲ್ಲಿ ಸರಿ, ಸೈಕಲ್‌ನಲ್ಲಿ ತಲೆಸುತ್ತು ಎಂದರೆ ಈ ಸುಳಿವು ಕೊಡಿ. ಇನ್ನು ಕೆಲವರಲ್ಲಿ ಯಂತ್ರಕ್ಕೆ ಇಟ್ಟ ಮೇಲ್ಮಿತಿ ಕಡಿಮೆಯಿದ್ದು, ಅದನ್ನು ದಾಟಿದ ಕೂಡಲೇ ಬಡಿತ ಬೀಳುತ್ತದೆ. ಎರಡನ್ನೂ ಶಸ್ತ್ರಚಿಕಿತ್ಸೆಯಿಲ್ಲದೆ, ಪ್ರೋಗ್ರಾಮರ್ ಎಂಬ ಯಂತ್ರದ ಮೂಲಕ ಹೊರಗಿನಿಂದಲೇ ತಿದ್ದಬಹುದು.

ವೈದ್ಯರ ಬಳಿ ಹೋಗುವಾಗ

ಔಷಧಗಳ ಪೂರ್ಣ ಪಟ್ಟಿ, ಕಣ್ಣಹನಿ ಸೇರಿ. ವಾಚಿನ ಗ್ರಾಫಿನ ಚಿತ್ರ. ತಲೆಸುತ್ತು ಶುರುವಿನಲ್ಲೋ, ನಡುವೆಯೋ, ನಿಲ್ಲಿಸಿದ ಮೇಲೋ. ಆಗ ಕೈಯಿಂದ ಎಣಿಸಿದ ಬಡಿತ ಎಷ್ಟು, ಬಿಪಿ ಎಷ್ಟು. ಇಷ್ಟಿದ್ದರೆ ಅರ್ಧ ಕೆಲಸ ಆದಂತೆ.

ಮಲಗಿಸಿ ತೆಗೆದ ಇಸಿಜಿ ಹತ್ತು ಸೆಕೆಂಡಿನದು. ಅದು ಸರಿಯಿದೆ ಎಂದರೆ ಓಡುವಾಗಲೂ ಸರಿಯಿದೆ ಎಂದಲ್ಲ. ಶ್ರಮದಲ್ಲಿ ಬರುವ ತೊಂದರೆಗೆ ಟ್ರೆಡ್‌ಮಿಲ್ ಪರೀಕ್ಷೆಯೇ ಹೆಚ್ಚು ಹೇಳುತ್ತದೆ. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡೂ ಹೆಚ್ಚುತ್ತವೆ. ಕವಾಟ, ಸ್ನಾಯುವಿನ ಅನುಮಾನವಿದ್ದರೆ ಅದಕ್ಕೂ ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ಆಗಬೇಕು. ಹೆಚ್ಚುಕಮ್ಮಿ ದಿನವೂ ಬರುವ ತಲೆಸುತ್ತಿಗೆ 24–48 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ) ಕಟ್ಟುತ್ತಾರೆ. ಆ ದಿನ ಮನೆಯಲ್ಲಿ ಸುಮ್ಮನೆ ಕೂತರೆ ಹೋಲ್ಟರ್ ಕಟ್ಟಿದ್ದೇ ದಂಡ. ಯಾವ ಶ್ರಮಕ್ಕೆ ತಲೆ ಸುತ್ತುತ್ತದೋ ಅದನ್ನು ಎಷ್ಟರ ಮಟ್ಟಿಗೆ ಮಾಡಬಹುದು ಎಂದು ವೈದ್ಯರನ್ನೇ ಕೇಳಿಕೊಂಡು, ಜೊತೆಗೊಬ್ಬರನ್ನು ಇಟ್ಟುಕೊಂಡು ಮಾಡಿ. ತಿಂಗಳುಗಟ್ಟಲೆ ಅಂತರದಲ್ಲಿ ಎಚ್ಚರ ತಪ್ಪುವವರಿಗೆ ಚರ್ಮದಡಿ ಇಡುವ ಪುಟ್ಟ ರೆಕಾರ್ಡರ್ ಇದೆ.

ಫಲಿತಾಂಶ ಬರುವವರೆಗೆ ಸಮತಟ್ಟು ನೆಲದ ನಿಧಾನ ನಡಿಗೆಗೆ ನಿಂತುಕೊಳ್ಳಿ, ಅದೂ ವೈದ್ಯರು ಬೇಡ ಎನ್ನದಿದ್ದರೆ ಮಾತ್ರ. ಒಂಟಿಯಾಗಿ ಈಜು, ರಸ್ತೆಯ ಸೈಕಲ್, ಎತ್ತರ ಹತ್ತುವುದು, ಎದೆಯ ಮೇಲೆ ಭಾರ ಎತ್ತುವುದು ಬೇಡ. ಎಚ್ಚರ ತಪ್ಪಿದ್ದವರು ವಾಹನವನ್ನೂ ಓಡಿಸಬಾರದು.